ನೀರು ತರ್ತೀನಿ, ನೋಡ್ಕೋತ ಇರ್ರಿ

ಅಕ್ಕೋರು ನೀರು ತರಲು ಒಳಗೆ ಹೋದರೆ ಬೇಗ ಹೊರಗೆ ಬರುತ್ತಿರಲಿಲ್ಲ. ತಂಬಿಗೆಯ ಸಪ್ಪಳ ಕೇಳುತ್ತಿತ್ತು, ಕೊಡದ ಮುಚ್ಚಳ ಒಮ್ಮೆ ಬಿದ್ದಂತಾಗುತ್ತಿತ್ತು, ಆಮೇಲೆ ಒಳಗೆಲ್ಲ ಸುಮ್ಮನಾಗುತ್ತಿತ್ತು. ತೋಟ ನೋಡಲು ಬಂದವರು ಹೊರಗೆ ಬಿಸಿಲಲ್ಲಿ ನಿಂತೇ ಇರುತ್ತಿದ್ದರು. ಪಡಸಾಲೆ ದಾಟಿದರೆ ಕೊಡ. ಅಲ್ಲಿಂದ ಒಂದು ತಂಬಿಗೆ ನೀರು ತರಲು ಇಷ್ಟು ಹೊತ್ತೇಕೆ ಎಂದು ನನಗೆ ಮೊದಮೊದಲು ತಿಳಿಯುತ್ತಿರಲಿಲ್ಲ.

ಅವರು ಸಿಂಧನೂರಿನ ಶಾಲೆಯೊಂದರಲ್ಲಿ ಪಿ.ಟಿ. ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಇವರಿಗೆ ನಿವೃತ್ತಿಯ ನಂತರವೂ ಅದೇ ಹೆಸರು ಉಳಿಯಿತು. ಅವರ ನಿಜವಾದ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಇತ್ತು. ಮನೆ ಗೊರೇಬಾಳದ ಕಡೆ ಹೋಗುವ ರಸ್ತೆಯ ಕೊನೆಗೆ, ಊರು ಮುಗಿದು ನೆಲ್ಲಿನ ಗದ್ದೆ ಶುರುವಾಗುವಲ್ಲಿ. ಗೇಟಿಗೆ ತಗಡಿನ ಬೋರ್ಡು: ‘ತೋಟ. ರವಿವಾರ ಮುಂಜಾನೆ. ಯಾರು ಬೇಕಾದರೂ ಬರಬಹುದು.’ ಮುಂದಿನ ಅಂಗಳದಲ್ಲಿ ಹೂವು: ದಾಸವಾಳ, ಕಣಗಿಲೆ, ಮಲ್ಲಿಗೆ, ನಾಲ್ಕಾರು ಬಗೆಯ ಗುಲಾಬಿ. ಹಿಂದೆ ಹಿತ್ತಲಲ್ಲಿ ಅಡುಗೆಯ ತೋಟ: ಪುಂಡಿಪಲ್ಲೆ, ಹಕ್ಕರಕಿ, ಮೆಂತ್ಯೆಯ ಸೊಪ್ಪು, ಬದನೆ, ಹೀರೆಯ ಚಪ್ಪರ. ನಡುವೆ ಹಾದಿಗೆ ಸುಣ್ಣದ ಗೆರೆ. ಆಟದ ಬಯಲಿಗೆ ಗೆರೆ ಹಾಕಿ ರೂಢಿಯಾದ ಕೈ, ಒಂದಿಷ್ಟೂ ಡೊಂಕಿಲ್ಲ.

ಅವರ ಕೊರಳಲ್ಲಿ ಎರಡು ದಾರ. ಒಂದರಲ್ಲಿ ಲಿಂಗ, ಇನ್ನೊಂದರಲ್ಲಿ ಸೀಟಿ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು.

ನಾನು ಪಾಮನಕಲ್ಲೂರಿನವಳು. ಸಿಂಧನೂರಿನ ಅಕ್ಕಿ ಗಿರಣಿಯೊಂದರ ವೇಬ್ರಿಜ್ಜಿನಲ್ಲಿ ಕೆಲಸ ಸಿಕ್ಕು, ಅಕ್ಕೋರ ಪಕ್ಕದ ಮನೆಯ ಮಾಳಿಗೆಯ ಕೋಣೆಗೆ ಬಾಡಿಗೆಗೆ ಬಂದೆ. ಲಾರಿ ಬಂದಾಗಿನ ತೂಕ, ಹೋಗುವಾಗಿನ ತೂಕ, ತಾರೀಖು, ವೇಳೆ ಎಂದು ದಿನವಿಡೀ ಬರೆಯುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ, ದಿನಚರಿ ಬರೆಯುತ್ತೇನೆ. ಎಲ್ಲಿಗೆ ಹೋದೆ, ಯಾವ ಬಸ್ಸು, ಯಾರು ಸಿಕ್ಕರು, ಎಷ್ಟು ಖರ್ಚು. ಸಾಲು ಕೂಡಿಸಿದಾಗ ಲೆಕ್ಕ ಸರಿಬಂದರೆ ಅದೊಂದು ಸಮಾಧಾನ.

ಬಂದ ಮೊದಲ ರವಿವಾರವೇ ತೋಟ ನೋಡಲು ಹೋದೆ. ಎಂಟು ಮಂದಿ ಬಂದಿದ್ದರು. ಅಕ್ಕೋರು ಸೀಟಿ ಊದಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಮಗುವಿನಿಂದ ಮುದುಕರವರೆಗೆ ಯಾರೂ ಎದುರಾಡಲಿಲ್ಲ. ಒಂದು ಸುತ್ತು ತೋರಿಸಿ, “ನೀರು ತರ್ತೀನಿ, ನೋಡ್ಕೋತ ಇರ್ರಿ” ಎಂದು ಒಳಗೆ ಹೋದರು. ಅವರು ಅತ್ತ ಹೋದದ್ದೇ ತಡ, ಜರಿ ಸೀರೆಯುಟ್ಟ ಹೆಂಗಸೊಬ್ಬಳು ದಾಸವಾಳದ ಟೊಂಗೆಯೊಂದನ್ನು ಟಕ್ಕನೆ ಮುರಿದು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು. ನನಗೆ ತಡೆಯಲಾಗಲಿಲ್ಲ. ಒಳಗೆ ಓಡಿದೆ.

ಅಡುಗೆಮನೆಯಲ್ಲಿ ತುಂಬಿದ ತಂಬಿಗೆ ಕಟ್ಟೆಯ ಮೇಲಿತ್ತು. ಅಕ್ಕೋರು ಗೋಡೆಗೆ ಮುಖ ಮಾಡಿ, ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಕವಾಯತಿನಲ್ಲಿ ‘ವಿಶ್ರಾಮ್’ ಎಂದಾಗ ಹುಡುಗರು ನಿಲ್ಲುತ್ತಾರಲ್ಲ, ಹಾಗೆ.

“ಅಕ್ಕೋರ, ಹೊರಗ ಒಬ್ಬಾಕಿ ನಿಮ್ಮ ದಾಸಾಳದ ಟೊಂಗಿ ಮುರಕೊಂಡ್ಲು!”

“ಮುರಕೊಂಡ್ಲಾ?”

“ಹೌದ್ರಿ, ನಾ ಕಣ್ಣಾರೆ ನೋಡಿದೆ.”

“ನೋಡಿದ್ಯಾ? ಅದೇ ನಿನ್ನ ತಪ್ಪು.” ಅವರು ಗೋಡೆಯಿಂದ ಮುಖ ತಿರುಗಿಸಲಿಲ್ಲ. “ಅಕಿ ಹಿಂದ ಇನ್ನೊಬ್ಬಾಕಿ ಮುರಿಯಾಕ ನಿಂತಿರ್ತಾಳ. ನೀ ಓಡಿ ಬಂದದ್ದು ನೋಡಿ ಕೈ ಬಿಟ್ಟಿರ್ತಾಳ. ಎಲ್ಲಾ ಹಾಳ ಮಾಡಿದಿ. ನಿಂದರು ಇಲ್ಲೇ ಸುಮ್ಕ.”

ನಾನೂ ಗೋಡೆ ನೋಡುತ್ತ ನಿಂತೆ.

ಕದ್ದು ತಂದ ಕಡ್ಡಿ ಚೆನ್ನಾಗಿ ಬೇರು ಬಿಡುತ್ತದೆ ಎನ್ನುವ ಮಾತು ನಮ್ಮೂರಲ್ಲೂ ಇದೆ. ಹೆಂಗಸರು ನಗುತ್ತ ಆಡುವ ಮಾತು ಅದು. ಆ ಮಾತಿಗೆ ಹೊಂದುವಂತೆ ತನ್ನ ತೋಟವನ್ನೇ ನಡೆಸುವವರನ್ನು ನಾನು ನೋಡಿರಲಿಲ್ಲ. ಮಂದಿ ಹೋದ ಮೇಲೆ, “ಅಷ್ಟು ಮನಸ್ಸಿದ್ರ ನೀವೇ ಮುರದು ಕೊಡಬಾರದೇನ್ರಿ?” ಎಂದು ಕೇಳಿದೆ.

“ಕೊಟ್ಟದ್ದು ಹತ್ತಂಗಿಲ್ಲ ತಂಗಿ. ಕೊಟ್ಟ ಕಡ್ಡೀನ ಚೀಲದಾಗ ಹಾಕ್ಕೊಂಡು, ಹೌದ್ರಿ ಅಕ್ಕೋರ ಅಂತ ಕೈ ಮುಗದು ಹೋಗಿ, ಮೂರು ದಿನ ಅಲ್ಲೇ ಮರ್ತು ಬಿಡ್ತಾರ. ಕದ್ದದ್ದಾದ್ರ ಎದಿ ಡವಡವ ಅಂತಿರತೈತಿ ನೋಡು, ಸೀರಿ ಸುದ್ದಾ ಬದಲಿ ಮಾಡದ ಹೋಗಿ ಮಣ್ಣಾಗ ಹಚ್ತಾರ. ಮುಂದ ಅದು ಚಿಗೀತೇನು ಅಂತ ದಿನಾ ಎದ್ದು ನೋಡ್ತಾರ. ನೋಡೂದ್ಯಾಕ? ಕಳುವು ದಕ್ಕತೈತೋ ಇಲ್ಲೋ ಅಂತ!”

ಹೀಗೆಂದು ಜೋರಾಗಿ ನಕ್ಕರು. ನಗುವಾಗ ಸೀಟಿ ಎದೆಯ ಮೇಲೆ ಕುಣಿಯುತ್ತಿತ್ತು.

ಇದರರ್ಥ ಅವರ ತೋಟದಲ್ಲಿ ಏನು ಮಾಡಿದರೂ ನಡೆಯುತ್ತಿತ್ತು ಎಂದಲ್ಲ. ಹೂವಿಗೆ ಕೈ ಹಾಕುವಂತಿರಲಿಲ್ಲ. ಒಮ್ಮೆ ಗಂಡಸೊಬ್ಬ ಮಗಳ ಜಡೆಗೆಂದು ಗುಲಾಬಿಯೊಂದನ್ನು ಕಿತ್ತ. ಅಕ್ಕೋರು ಊದಿದ ಸೀಟಿಗೆ ಆಚೆಯ ಗದ್ದೆಯಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. “ಅದು ಹೋಗೂದು ಜಡಿಗಿ, ಸಂಜಿಕ ತಿಪ್ಪಿಗಿ! ಇಷ್ಟು ದೊಡ್ಡಾವ ಆಗಿ ತಿಳೀವಲ್ದೇನು?” ಆತ ಹೂವನ್ನು ಹಿಡಿಯಲೂ ಆಗದೆ ಬಿಡಲೂ ಆಗದೆ ನಿಂತ. ಮಗಳು ಅಳಲು ಶುರುಮಾಡಿದಳು. ಅಕ್ಕೋರು ಆಕೆಗೆ ಹಿತ್ತಲಿಂದ ಎಳೆ ಸೌತೆಕಾಯಿ ತಂದುಕೊಟ್ಟು ಸಮಾಧಾನ ಮಾಡಿದರು. ಅಪ್ಪನಿಗೆ ಮಾತ್ರ ಕ್ಷಮೆ ಇರಲಿಲ್ಲ, ಹೋಗುವವರೆಗೂ ಸಾಲಿನ ಕೊನೆಗೆ ನಿಲ್ಲಿಸಿದರು.

ಕೆಲವು ವಾರಗಳಲ್ಲಿ ನಾನು ಅವರ ಸಹಾಯಕಳಂತೆ ಆಗಿಬಿಟ್ಟೆ. ದಿನಚರಿಯಲ್ಲಿ ತೋಟಕ್ಕೆಂದೇ ಪುಟ ಗೆರೆ ಹೊಡೆದು ತೋರಿಸಿದೆ: ತಾರೀಖು, ಬಂದವರು, ಅರಳಿದ ಹೂವು, ಹೋದ ಕಡ್ಡಿ. ಅಕ್ಕೋರು ಕನ್ನಡಕ ಏರಿಸಿ ನೋಡಿ, ನನ್ನ ಪೆನ್ನಿನಿಂದಲೇ ಕೊನೆಯ ಅಂಕಣ ಹೊಡೆದುಹಾಕಿದರು.

“ಮಂದಿ ಎಷ್ಟು ಬಂದ್ರು ಬರಕೋ. ಏನ್ ಅರಳೈತಿ ಬರಕೋ. ಯಾರು ಏನ್ ಒಯ್ದ್ರು ಅಂತ ಬರದಿ ಅಂದ್ರ ಇದು ತ್ವಾಟ ಅಲ್ಲ, ಪೊಲೀಸ್ ಠಾಣೆ ಆಗತೈತಿ.”

“ಲೆಕ್ಕ ಅರ್ಧ ಆಗತೈತಲ್ರಿ.”

“ಅರ್ಧ ಇರ್ಲಿ. ನಿನ್ನ ಕೈಯಂತೂ ಇನ್ನೂ ಪೂರ್ತಿ ಬರಿದ ಐತಿ. ಇಷ್ಟು ದಿನ ಆತು, ಒಂದು ಕಡ್ಡಿ ಮುರದಿಲ್ಲ ನೀನು.”

“ನನಗೆಲ್ಲಿ ಜಾಗಾ ಅಕ್ಕೋರ, ಮಾಳಿಗಿ ಮ್ಯಾಲೆ.”

“ಒಡದ ಬಕೀಟು ಇಲ್ಲೇನು ನಿನ್ನ ಹತ್ರ?”

ಬಕೀಟು ಇತ್ತು. ಆದರೆ ನನ್ನ ಕೈ ಹೋಗುತ್ತಿರಲಿಲ್ಲ. ಎಣಿಸುವವರಿಗೆ ಕದಿಯುವುದು ಕಷ್ಟ.

ಎರಡು ವಾರಕ್ಕೊಮ್ಮೆ ಅಕ್ಕೋರು ತಮ್ಮ ಗೇಟು ಮುಚ್ಚಿ, ಬೇರೆಯವರ ತೋಟ ನೋಡಲು ಹೊರಡುತ್ತಿದ್ದರು. ನಾನೂ ಜೊತೆಗೆ. ನಮ್ಮ ಭಾಗದಲ್ಲಿ ಹೀಗೆ ಯಾರು ಬಂದರೂ ಬಾಗಿಲು ತೆರೆಯುವ ತೋಟಗಳು ಹೆಚ್ಚಿಲ್ಲ. ಇದ್ದವೆಲ್ಲ ಅವರಿಗೆ ಗೊತ್ತಿದ್ದವು. ಅವರ ಕೈಚೀಲದಲ್ಲಿ ಊಟದ ಡಬ್ಬಿ, ಡಬ್ಬಿಯಲ್ಲಿ ಊಟದ ಬದಲು ಒದ್ದೆ ಕರವಸ್ತ್ರ. ಅದು ಯಾಕೆ ಎಂದು ಈಗ ಹೇಳಬೇಕಾಗಿಲ್ಲ.

ಮಸ್ಕಿಯಲ್ಲಿ ಶಿವಮ್ಮ ಎಂಬವರ ಹಿತ್ತಲು ನಮಗೆ ಇಷ್ಟದ ಜಾಗ. ಬೆಟ್ಟದ ಬುಡದ ಕೆಂಪು ಮಣ್ಣು. ಕಾಲುವೆ ನೀರು ಅತ್ತ ಬರುವುದಿಲ್ಲ. ಪಾತ್ರೆ ತೊಳೆದ ನೀರು, ಮೈ ತೊಳೆದ ನೀರು ಎಲ್ಲ ಸಣ್ಣ ಸಣ್ಣ ಕಾಲುವೆಗಳಲ್ಲಿ ಹರಿದು ಬದನೆಗೆ, ಟೊಮೆಟೊಗೆ, ಕೊನೆಗೆ ಒಂದು ನಿಂಬೆ ಗಿಡಕ್ಕೆ ಮುಟ್ಟುತ್ತಿತ್ತು. ಶಿವಮ್ಮ ಅಕ್ಕೋರಿಗೆ ತಕ್ಕ ಜೋಡಿ. ಹಿತ್ತಲೆಲ್ಲ ತೋರಿಸಿ, “ಇರ್ರಿ, ಎಮ್ಮಿ ಹಗ್ಗ ಬಿಚ್ಚಿಕೊಂಡೈತೇನ ನೋಡಿ ಬರ್ತೀನಿ” ಎಂದು ಮನೆಯ ಮುಂದೆ ಹೋಗುತ್ತಿದ್ದರು. ಮೂರನೆಯ ಸಲ ಹೋದಾಗ ನಾನು ಎಮ್ಮೆ ನೋಡಬೇಕೆಂದೆ.

ಅಕ್ಕೋರು ಬಗ್ಗಿ ಒಂದು ಕಡ್ಡಿ ಕತ್ತರಿಸುತ್ತಲೇ ಹೇಳಿದರು: “ಎಲ್ಲಿ ಎಮ್ಮಿ? ಮಾರಿ ಎರಡು ವರ್ಷ ಆತು.”

ಲಿಂಗಸುಗೂರಿನ ತೋಟದ ರೀತಿಯೇ ಬೇರೆ. ಅದು ಬಟ್ಟೆ ಅಂಗಡಿ ನಡೆಸಿ, ಈಗ ಮಕ್ಕಳಿಗೆ ಬಿಟ್ಟುಕೊಟ್ಟ ಸಾವುಕಾರರೊಬ್ಬರದು. ಮನೆಯ ಸುತ್ತ ಕ್ರೋಟನ್, ಗುಲಾಬಿ, ಕುಂಡಗಳ ಸಾಲು. ಪ್ರತಿ ಗಿಡಕ್ಕೂ ತಗಡಿನ ಚೀಟಿ: ಗಿಡದ ಹೆಸರು, ಯಾವ ಊರಿನ ನರ್ಸರಿಯಿಂದ ತಂದದ್ದು. ನನಗೆ ಆ ಚೀಟಿಗಳು ಬಹಳ ಹಿಡಿಸಿದವು. ಹಾದಿಗೊಂದರಂತೆ ಬೋರ್ಡು, ‘ಮುಟ್ಟಬೇಡಿ’. ಬೋರ್ಡು ಇಲ್ಲದ ಕಡೆ ಸಾವುಕಾರರೇ ಇರುತ್ತಿದ್ದರು. ದಪ್ಪ ಗಾಜಿನ ಕನ್ನಡಕ, ಬಿಳಿ ಅಂಗಿ. ನಾವು ತಿರುಗಿದಲ್ಲಿ ಅವರೂ ತಿರುಗುತ್ತಿದ್ದರು. ಬಂದವರಿಗೆ ಚಹಾ ಕೊಡುವುದು, ಕುರ್ಚಿ ಹಾಕುವುದು, ಯಾವುದರಲ್ಲೂ ಕಡಿಮೆ ಮಾಡುತ್ತಿರಲಿಲ್ಲ. ಬೆನ್ನು ಮಾತ್ರ ತಿರುಗಿಸುತ್ತಿರಲಿಲ್ಲ.

“ಇದು ತ್ವಾಟ ಅಲ್ಲ, ಶೋರೂಮು” ಎಂದರು ಅಕ್ಕೋರು, ಬಸ್ಸಿನಲ್ಲಿ, ಹಿಂದಿನ ಸೀಟಿನವರಿಗೂ ಕೇಳುವಂತೆ. “ಎಲ್ಲಾ ಬಣ್ಣ ಬಳದ ಎಲಿ. ಒಂದಕ್ಕ ವಾಸನಿ ಐತೇನು?”

ಅವರು ಹೀಗೆ ಮನಸ್ಸಿಗೆ ಬಂದದ್ದನ್ನು ಅಂದುಬಿಡುತ್ತಿದ್ದರು. ಕೆಲವೊಮ್ಮೆ ಎದುರಿಗೇ. ಇದರಿಂದ ಅವರಿಗೆ ಸ್ನೇಹಿತರು ಕಡಿಮೆ. ಸಾವುಕಾರರು ಕೂಡ ಅವರನ್ನು ಕಂಡರೆ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು, ಪರೀಕ್ಷೆಗೆ ಬಂದವರ ಹಾಗೆ.

ಅಕ್ಕೋರ ತೋಟದಲ್ಲಿ ಅವರಿಗೆ ಎಲ್ಲಕ್ಕಿಂತ ಹೆಚ್ಚಿನದು ಒಂದು ನಾಟಿ ಗುಲಾಬಿ. ತಿಳಿ ಗುಲಾಬಿ ಬಣ್ಣ, ಸಣ್ಣ ಹೂವು, ಒತ್ತೊತ್ತಾದ ಎಸಳು. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಉದುರಿಬಿಡುತ್ತಿತ್ತು, ಹಾಗಾಗಿ ಪೇಟೆಯಲ್ಲಿ ಯಾರಿಗೂ ಬೇಡ. ಆದರೆ ವಾಸನೆ ಗೇಟಿನವರೆಗೂ ಬರುತ್ತಿತ್ತು. ಅದು ಮುದಗಲ್ಲಿನ ಅವರ ತವರುಮನೆಯ ಅಂಗಳದ್ದು. ಅವರ ತಾಯಿ ಅದರ ಎಸಳಿನಿಂದ ಗುಲ್ಕಂದು ಮಾಡುತ್ತಿದ್ದರಂತೆ.

“ನೌಕರಿ ಸಿಕ್ಕು ಸಿಂಧನೂರಿಗಿ ಬರೂ ದಿನ ನಾ ಅದರ ಕಡ್ಡಿ ಕದ್ದೆ. ಅವ್ವ ಅಂಗಳದಾಗೇ ಇದ್ಲು. ಕಸಬರಗಿ ಎಲ್ಲಿ ಹೋತು, ಕಸಬರಗಿ ಎಲ್ಲಿ ಹೋತು ಅಂತ ಅತ್ತಾಗ ಮಾರಿ ಮಾಡಿ ಹುಡುಕಾಕತ್ತಿದ್ಲು.” ಅಕ್ಕೋರು ಉದುರಿದ ಎಸಳೊಂದನ್ನು ಎತ್ತಿಕೊಂಡರು. “ಕಸಬರಗಿ ಅಕಿ ಕೈಯಾಗೇ ಇತ್ತು.”

ತಾಯಿ ತೀರಿಕೊಂಡ ಮೇಲೆ ಅಕ್ಕೋರ ತಮ್ಮ ಆ ಅಂಗಳದಲ್ಲಿ ಕಿರಾಣಿ ಅಂಗಡಿ ಕಟ್ಟಿಸಿದರು. ಮುದಗಲ್ಲಿನ ಗಿಡ ಹೋಯಿತು. ಸಿಂಧನೂರಿನದು ಉಳಿಯಿತು.

ಅದೂ ಹೋಗುತ್ತದೆ ಎಂದು ನಮಗೆ ಗೊತ್ತಾದದ್ದು ಕಳೆದ ವರ್ಷದ ಮಳೆಗಾಲದ ಕೊನೆಗೆ. ಪಕ್ಕದ ಹೊಲದಲ್ಲಿ ಮೊದಲು ಜೋಳ ಇತ್ತು, ಈಚೆಗೆ ಅವರೂ ಕಾಲುವೆ ನೀರಿಗೆ ನೆಲ್ಲು ಹಚ್ಚಿದ್ದರು. ಗದ್ದೆಯಲ್ಲಿ ನಿಂತ ನೀರು ನೆಲದೊಳಗಿಂದ ಈಚೆಗೆ ಜಿನುಗಿತು. ಕರಿ ಮಣ್ಣು ಆರಲೇ ಇಲ್ಲ. ಆರಿದಲ್ಲೆಲ್ಲ ಮೇಲೆ ಬಿಳಿ ಪುಡಿ ಕಟ್ಟಿತು. ನಮ್ಮ ಕಡೆ ಅದಕ್ಕೆ ಸವಳು ಎನ್ನುತ್ತಾರೆ, ಮಣ್ಣಿಗೆ ಉಪ್ಪು ಏರುವುದು. ಮೊದಲು ಮೆಂತ್ಯೆ ಹಳದಿಯಾಯಿತು, ಆಮೇಲೆ ಬದನೆ. ದೀಪಾವಳಿ ಮುಗಿಯುವಷ್ಟರಲ್ಲಿ ನಾಟಿ ಗುಲಾಬಿಯ ಎಲೆಯ ಅಂಚು ಸುಟ್ಟಂತಾಯಿತು. ಅಕ್ಕೋರು ಸುತ್ತ ಕಾಲುವೆ ತೋಡಿಸಿದರು, ಉಸುಕು ಹಾಕಿಸಿದರು. ಉಳಿದ ಟೊಂಗೆಗಳನ್ನು ಕತ್ತರಿಸಿ ಕುಂಡಕ್ಕೆ ಹಚ್ಚಿದರು, ಅವು ಆಗಲೇ ಸೊರಗಿದ್ದವು, ಕಪ್ಪಾದವು. ಹೊಲದವರ ಮೇಲೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ.

“ಅವರು ಉಣಬ್ಯಾಡೇನು? ನೀ ತೂಗೂ ಅಕ್ಕಿ ಎಲ್ಲಿಂದ ಬರತೈತಿ?”

ಒಂದು ಮುಂಜಾನೆ ನೋಡಿದರೆ ಗಿಡ ಪೂರ್ತಿ ಒಣಗಿ ನಿಂತಿತ್ತು. ಆ ರವಿವಾರ ಅಕ್ಕೋರು ಸೀಟಿ ಹಾಕಿಕೊಳ್ಳಲಿಲ್ಲ. ಬಂದವರು ಸಾಲು ಹಿಡಿಯದೆ ಹೇಗೆಂದರೆ ಹಾಗೆ ಅಡ್ಡಾಡಿದರು.

ಮರುದಿನದಿಂದ ಅವರಿಗೆ ಒಂದೇ ಯೋಚನೆ. ಇಷ್ಟು ವರ್ಷ ಇಷ್ಟು ಜನ ಕದ್ದಿದ್ದಾರೆ, ಒಬ್ಬರ ಮನೆಯಲ್ಲಾದರೂ ಆ ಗುಲಾಬಿ ಇರಲೇಬೇಕು. ಯಾರ ಮನೆಯಲ್ಲಿ? ಅದು ಗೊತ್ತಾಗಬಾರದೆಂದೇ ಅವರು ಗೋಡೆ ನೋಡುತ್ತ ನಿಂತಿದ್ದರು.

“ಆ ಅಂಕಣ ಹೊಡದು ಹಾಕಿದ್ರಲ್ರಿ” ಎಂದು ನಾನು ಅಂದೆ. ಅನ್ನಬಾರದಿತ್ತೇನೋ. ಆದರೆ ಅವರು ಬೇಸರ ಮಾಡಿಕೊಳ್ಳಲಿಲ್ಲ.

“ಹೌದು, ಹಾಕಿದೆ. ನೀ ಬರೀತಿದ್ದಿ ಅಂತ ಗೊತ್ತಾಗಿದ್ರ ಯಾರೂ ಒಯ್ತಿದ್ದಿಲ್ಲ. ಹುಡುಕೂಣು ನಡಿ.”

ಆ ಚಳಿಗಾಲವೆಲ್ಲ ನಾವು ರವಿವಾರ ಬೇರೆಯವರ ತೋಟ ನೋಡಿದೆವು. ಸಿಂಧನೂರಿನ ಓಣಿಗಳಲ್ಲಿ ಅಕ್ಕೋರ ದಾಸವಾಳ ಸಿಕ್ಕಿತು, ಕಣಗಿಲೆ ಸಿಕ್ಕಿತು, ಎಷ್ಟೋ ಅಂಗಳಗಳಲ್ಲಿ. ಅವರನ್ನು ಕಂಡ ಕೂಡಲೇ ಮನೆಯವರ ಮುಖ ಕೆಂಪಾಗುತ್ತಿತ್ತು. ಅಕ್ಕೋರು, “ಛಲೋ ಬಂದೈತಿ, ಯಾವೂರಿಂದ ತಂದ್ರಿ?” ಎಂದು ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಿದ್ದರು. ಮಸ್ಕಿಯ ಶಿವಮ್ಮ ಮಾತ್ರ ನೇರವಾಗಿ ಹೇಳಿದರು: “ಎರಡು ಸಲ ಒಯ್ದೆನ್ರಿ ಅಕ್ಕೋರ, ಎರಡೂ ಸಲ ಆಡು ತಿಂತು. ಆ ಆಡನ್ನೂ ಮಾರಿದೆ.”

ಗುಲಾಬಿ ಸಿಗಲಿಲ್ಲ. ಲಿಂಗಸುಗೂರು ಒಂದು ಉಳಿದಿತ್ತು. ಅಲ್ಲಿ ಇರಲು ಸಾಧ್ಯವಿಲ್ಲ ಎಂದು ಅಕ್ಕೋರು ಕೊನೆಗಿಟ್ಟಿದ್ದರು.

ಜನವರಿಯ ಒಂದು ರವಿವಾರ ಹೋದೆವು. ಸಾವುಕಾರರು ಎಂದಿನಂತೆ ನಮ್ಮ ಜೊತೆ ಜೊತೆಗೇ ಸುತ್ತಿದರು. ಮುಂದಿನ ತೋಟ ಮುಗಿಯಿತು. ಚಹಾ ಬಂತು. ಅಕ್ಕೋರು ಕಪ್ಪನ್ನು ಬಾಯಿಯ ಹತ್ತಿರ ಒಯ್ದವರು ಹಾಗೇ ನಿಂತುಬಿಟ್ಟರು. ಗಾಳಿ ಮನೆಯ ಹಿಂದಿನಿಂದ ಬೀಸುತ್ತಿತ್ತು. ಕಪ್ಪನ್ನು ನನ್ನ ಕೈಗೆ ಕೊಟ್ಟು, ಯಾರನ್ನೂ ಕೇಳದೆ, ಬಿಳಿ ಬೂಟಿನಲ್ಲಿ ದಡದಡ ಹಿತ್ತಲಿಗೆ ನಡೆದರು. ನೀರಿನ ಟ್ಯಾಂಕಿನ ಹಿಂದೆ, ಮಂದಿಗೆ ತೋರಿಸದ ಮೂಲೆಯಲ್ಲಿ, ಎದೆಯೆತ್ತರದ ಗಿಡ. ಮೈತುಂಬ ಹೂವು. ಇಡೀ ತೋಟದಲ್ಲಿ ತಗಡಿನ ಚೀಟಿ ಇಲ್ಲದ್ದು ಅದೊಂದೇ.

ಸಾವುಕಾರರು ಹಿಂದೆಯೇ ಬಂದಿದ್ದರು. ಅಂಗಿಯ ಗುಂಡಿಗೆ ಕೈ ಹೋಗಿತ್ತು.

“ಅದು... ಭಾಳ ವರ್ಷ ಆತು ಅಕ್ಕೋರ. ನಮ್ಮ ಮನ್ಯಾಗಿನವರಿಗೆ ವಾಸನಿ ಭಾಳ ಸೇರಿತ್ತು. ನೀವು ನೀರು ತರಾಕ ಹೋಗಿದ್ರಿ...”

“ನಾ ಏನೂ ಕೇಳಿಲ್ಲಲ್ರಿ.”

“ಚೀಟಿ ಬರೀಬೇಕು ಅಂತ ಕುಂತೆ. ಎಲ್ಲಿಂದ ತಂದದ್ದು ಅಂತ ಬರೀಲಿ? ಹಂಗೇ ಬಿಟ್ಟೆ. ಹಿಂದ ಹಚ್ಚಿದೆ.” ಅವರ ದನಿ ಇಳಿದಿತ್ತು. “ನಿಮ್ಮದು ಒಣಗೇತಂತ ಮಂದಿ ಹೇಳಿದ್ರು. ನಿಮ್ಮ ಗಿಡ ಇದು. ಬುಡಸಮೇತ ಒಯ್ರಿ. ಆಳು ಕರದು ಕಿತ್ತಿಸಿ ಕೊಡ್ತೀನಿ.”

“ಬ್ಯಾಡ್ರಿ. ಕೊಟ್ಟದ್ದು ಹತ್ತಂಗಿಲ್ಲ.”

“ಮತ್ತೇನ್ ಮಾಡ್ಲಿ ನಾನು?”

“ಒಳಗ ಹೋಗಿ ನೀರು ತರ್ರಿ.”

ಸಾವುಕಾರರಿಗೆ ಅರ್ಥವಾಯಿತು. ಆದರೆ ಕಾಲು ಏಳಲಿಲ್ಲ. ಅಲ್ಲಿಂದಲೇ ಮನೆಯ ಕಡೆ ಕೂಗಿದರು: “ಏ, ಯಾರದೀರಿ, ಅಕ್ಕೋರಿಗೆ ನೀರು ತರ್ರಿ!” ಹುಡುಗಿಯೊಬ್ಬಳು ಓಡಿಬಂದು ನೀರು ಕೊಟ್ಟು ಹೋದಳು. ಸಾವುಕಾರರು ನಿಂತಲ್ಲೇ ನಿಂತಿದ್ದರು. ಅಕ್ಕೋರು ನೀರು ಕುಡಿದರು. ನಾನೂ ಕುಡಿದೆ. ಏನೂ ಮುಂದೆ ಹೋಗಲಿಲ್ಲ.

“ನಾ ಅಂಗಡಿಯಾವ್ರಿ ಅಕ್ಕೋರ” ಎಂದರು ಕೊನೆಗೆ. “ಗಲ್ಲಾದ ಮ್ಯಾಲೆ ಕುಂತು ಜನಮ ಹೋತು. ಬಂದ ಗಿರಾಕಿಗೆ ಬೆನ್ನ ಮಾಡಿದಾವ ಅಲ್ಲ. ಮಾಡಾಕ ಬರೂದೇ ಇಲ್ಲ ನನಗ.”

ಅಕ್ಕೋರು ನಗಲಿಲ್ಲ. ಅಷ್ಟು ಬಾಯಿಬಡುಕಿಯಾದ ಅವರು ಒಂದು ಕೊಂಕು ಮಾತನ್ನೂ ಆಡಲಿಲ್ಲ. ಸಾವುಕಾರರು ನಮ್ಮನ್ನು ನೋಡಿದರು, ಗಿಡವನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸತೊಡಗಿದರು. ಆ ಗಾಜಿಲ್ಲದೆ ಅವರಿಗೆ ಮುಂದಿರುವ ಮನುಷ್ಯರೂ ಕಾಣುವುದಿಲ್ಲ. ಮುಖ ನಮ್ಮ ಕಡೆಗೇ ಇತ್ತು. ಕಣ್ಣು ಎಲ್ಲಿಯೂ ಇರಲಿಲ್ಲ. ಒಂದು ಗಾಜು ಒರೆಸಿದರು, ಇನ್ನೊಂದು ಒರೆಸಿದರು, ಮತ್ತೆ ಮೊದಲನೆಯದು.

ಟಕ್. ಅಕ್ಕೋರ ಡಬ್ಬಿಯ ಮುಚ್ಚಳ ಬಿತ್ತು.

“ಬರ್ತೀವ್ರಿ ಸಾವ್ಕಾರ್ರ.”

“ಏನೂ ಒಯ್ಯದ ಹೊಂಟೀರಿ” ಎಂದರು ಸಾವುಕಾರರು, ಕನ್ನಡಕ ಏರಿಸುತ್ತ.

ಬಸ್ಸಿನಲ್ಲಿ ಅಕ್ಕೋರು ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕುಳಿತಿದ್ದರು. ಬಸ್ಸು ಮಸ್ಕಿ ದಾಟಿತು. ಆಮೇಲೆ, “ಶೋರೂಮು ಅಂದಿದ್ದೆ ನಾನು” ಎಂದಷ್ಟೇ ಅಂದರು.

ತಂದ ಕಡ್ಡಿಯನ್ನು ಈ ಸಲ ನೆಲಕ್ಕೆ ಹಚ್ಚಲಿಲ್ಲ. ಬಾವಿಗೆ ಹಾಕುವ ಸಿಮೆಂಟಿನ ರಿಂಗೊಂದನ್ನು ತರಿಸಿ, ಇಟ್ಟಿಗೆಯ ಮೇಲೆ ಎತ್ತರಕ್ಕೆ ಕೂರಿಸಿ, ಶಿವಮ್ಮನಿಂದ ಚೀಲದಲ್ಲಿ ಮಸ್ಕಿಯ ಕೆಂಪು ಮಣ್ಣು ತರಿಸಿ ತುಂಬಿದರು. ಶಿವರಾತ್ರಿಯ ಹೊತ್ತಿಗೆ ಕೆಂಪು ಚಿಗುರು ಒಡೆಯಿತು. ಮುಂದೆ ಟೊಂಗೆಗಳು ಬಂದವು. ಮಳೆ ಶುರುವಾಗುವ ಮೊದಲು ಒಂದು ಹೂವು. ಅಕ್ಕೋರು ಬಗ್ಗಿ ಮೂಸಿ, “ಹ್ಞೂಂ” ಎಂದರು. ಅಷ್ಟೇ. ಮರು ರವಿವಾರ ಸೀಟಿ ಕೊರಳಿಗೆ ಬಂತು.

ಅವರು ಹೋದದ್ದು ಶ್ರಾವಣದಲ್ಲಿ, ಒಂದು ಸಂಜೆ, ನೀರು ಹಾಕಿ ಕಟ್ಟೆಯ ಮೇಲೆ ಕುಳಿತಿದ್ದಾಗ. ಎದೆ ನೋವೆಂದು ಯಾರಿಗೂ ಹೇಳಿರಲಿಲ್ಲ. ಬೂಟು ಕಾಲಲ್ಲೇ ಇತ್ತು.

ಮುದಗಲ್ಲಿನಿಂದ ಅವರ ತಮ್ಮ ಬಂದು ಎಲ್ಲ ಕಾರ್ಯ ಮುಗಿಸಿದರು. ಒಳ್ಳೆಯ ಮನುಷ್ಯ, ಮೆತ್ತಗಿನ ಮಾತು. ತೋಟದಲ್ಲಿ ಒಂದು ಸುತ್ತು ಹಾಕಿ, ನೆಲದ ಬಿಳಿ ಪುಡಿಯನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟು ಉಗುಳಿದರು.

“ಇಲ್ಲಿ ಇನ್ನ ಏನೂ ಉಳಿಯಂಗಿಲ್ಲ ತಂಗಿ. ಮಣ್ಣು ಹೇರಿಸಿ, ಎತ್ತರ ಮಾಡಿಸಿ ಗೋದಾಮು ಕಟ್ಟಸ್ತೀನಿ. ಅದಕ್ಕಿಂತ ಮೊದ್ಲು ಯಾರಿಗೆ ಯಾವ ಗಿಡ ಬೇಕೋ ಒಯ್ಲಿ. ಬರೂ ಐತಾರ ಎಲ್ಲಾರಿಗೂ ಕೊಟ್ಟು ಬಿಡೂಣು.”

ನಾನು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಆ ರವಿವಾರ ನಾನು ಎಣಿಸಿದ ಅತಿ ಹೆಚ್ಚು ಮಂದಿ ಬಂದರು. ಸಿಂಧನೂರಿನ ಓಣಿಗಳವರು, ಮಸ್ಕಿಯಿಂದ ಶಿವಮ್ಮ, ಲಿಂಗಸುಗೂರಿನಿಂದ ಸಾವುಕಾರರು. ಸೀಟಿ ಊದುವವರಿಲ್ಲದಿದ್ದರೂ ಸುಣ್ಣದ ಗೆರೆಯ ಮೇಲೆ ಸಾಲಾಗಿ ನಿಂತರು. ಅಕ್ಕೋರ ತಮ್ಮ ಕೈ ಮುಗಿದು, “ನಮ್ಮಕ್ಕನ ಹೆಸರಿನ ಮ್ಯಾಲೆ ಎಲ್ಲಾರೂ ಏನ್ ಬೇಕೋ ತಗೋರಿ, ನಾ ಸಂತೋಷದಿಂದ ಕೊಡಾಕತ್ತೀನಿ” ಎಂದರು.

ಯಾರೂ ಅಲುಗಲಿಲ್ಲ. ಸತ್ತವರ ತೋಟ, ಕೊಟ್ಟ ಕಡ್ಡಿ. ಯಾರಾದರೂ ಹೇಗೆ ಕೈ ಹಾಕಿಯಾರು? ಜರಿ ಸೀರೆಯ ಹೆಂಗಸು ವ್ಯಾನಿಟಿ ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ತಮ್ಮ ಇನ್ನೊಮ್ಮೆ ಹೇಳಿದರು. ಮಂದಿ ನೆಲ ನೋಡಿದರು. ಹೀಗೇ ಸ್ವಲ್ಪ ಹೊತ್ತಾದರೆ ಎಲ್ಲರೂ ಕೈ ಮುಗಿದು, ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ, ನಾಳೆ ಮಣ್ಣಿನ ಟ್ರ್ಯಾಕ್ಟರ್ ಬರುತ್ತದೆ ಎಂದು ನನಗೆ ಕಂಡಿತು.

“ನೀರು ತರ್ತೀವಿ, ನೋಡ್ಕೋತ ಇರ್ರಿ” ಎಂದು ನಾನು ಗಟ್ಟಿಯಾಗಿ ಹೇಳಿದೆ. “ಬರ್ರಿ ಅಣ್ಣಾರ.”

“ನೀರು ತರಾಕ ಇಬ್ಬರ್ಯಾಕ?”

“ಬರ್ರಿ, ಹೇಳ್ತೀನಿ.”

ಅಡುಗೆಮನೆಗೆ ಕರೆದೊಯ್ದೆ. ತಂಬಿಗೆ ತುಂಬಿ ಕಟ್ಟೆಯ ಮೇಲಿಟ್ಟೆ, ಕೊಡದ ಮುಚ್ಚಳ ಬೀಳಿಸಿದೆ, ಗೋಡೆಗೆ ಮುಖ ಮಾಡಿ ಕೈ ಹಿಂದೆ ಕಟ್ಟಿ ನಿಂತೆ. ಅಕ್ಕೋರ ತಮ್ಮ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಹೊರಗೆ ಏನೂ ಸಪ್ಪಳವಿಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಟಕ್. ಇನ್ನೊಂದು. ಆಮೇಲೆ ಹಿತ್ತಲ ಕಡೆಯಿಂದ, ಗೇಟಿನ ಕಡೆಯಿಂದ, ಜೋಳ ಹುರಿಯುವಾಗ ಅರಳು ಸಿಡಿಯುತ್ತವಲ್ಲ, ಹಾಗೆ.

“ಏನ್ ನಡದೈತಿ ಅಲ್ಲಿ?” ಎಂದು ತಮ್ಮ ಬಾಗಿಲ ಕಡೆ ತಿರುಗಿದರು.

“ನಿಂದರ್ರಿ ಇಲ್ಲೇ ಸುಮ್ಕ.”

ಅವರೂ ಗೋಡೆ ನೋಡುತ್ತ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, “ಕಸಬರಗಿ” ಎಂದರು. “ನಮ್ಮವ್ವ ಹಿಂಗೇ ಕಸಬರಗಿ ಹುಡುಕತಿದ್ಲು.”

ಸಪ್ಪಳ ನಿಂತ ಮೇಲೆ ತಂಬಿಗೆ ಹಿಡಿದು ಹೊರಗೆ ಬಂದೆವು. ಎಲ್ಲರೂ ಮೊದಲಿದ್ದಲ್ಲೇ, ಗೆರೆಯ ಮೇಲೆ, ಏನೂ ಆಗಿಲ್ಲವೆನ್ನುವಂತೆ ನಿಂತಿದ್ದರು. ಚೀಲಗಳು ಮಾತ್ರ ಉಬ್ಬಿದ್ದವು. ದಾಸವಾಳ ಮೋಟಾಗಿತ್ತು. ಮಲ್ಲಿಗೆ ಅರ್ಧವಾಗಿತ್ತು. ಸಿಮೆಂಟಿನ ರಿಂಗಿನ ಹತ್ತಿರ ಹೋಗಿ ನೋಡಿದೆ. ಗುಲಾಬಿಯ ಟೊಂಗೆಗಳೆಲ್ಲ ಹೋಗಿದ್ದವು, ಒಂದನ್ನು ಬಿಟ್ಟು. ನಡುವಿನ ನೆಟ್ಟಗಿನ ಟೊಂಗೆ, ತುದಿಗೆ ಮೊಗ್ಗು. ಇಷ್ಟು ಮಂದಿಯಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ.

ಯಾರಿಗೆಂದು ಬಿಟ್ಟಿದ್ದಾರೆ ಎಂದು ಕೇಳಲು ತಿರುಗಿದೆ. ಸಾವುಕಾರರು ಕನ್ನಡಕ ತೆಗೆದು ಒರೆಸುತ್ತಿದ್ದರು. ಜರಿ ಸೀರೆಯ ಹೆಂಗಸು ಬೇಲಿಯಾಚೆಯ ಬೆಳ್ಳಕ್ಕಿ ನೋಡುತ್ತಿದ್ದಳು. ಒಬ್ಬೊಬ್ಬರಾಗಿ ಎಲ್ಲರ ಮುಖವೂ ಅತ್ತ ತಿರುಗಿತು. ತಮ್ಮ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು, “ಇಷ್ಟು ನೀರು ಎಲ್ಲಿ ಸಾಲತೈತಿ, ಮತ್ತೊಂದಿಷ್ಟು ತರ್ತೀನಿ” ಎಂದು ಒಳಗೆ ಹೋದರು.

“ನನ್ನ ಎಮ್ಮಿ ಹಗ್ಗ ಬಿಚ್ಚಿಕೊಂಡೈತೇನ ನೋಡ್ತೀನಿ” ಎಂದು ಶಿವಮ್ಮ ಗೇಟಿನಾಚೆ ನಡೆದರು. ಎಮ್ಮೆ ಇದ್ದದ್ದು ಮಸ್ಕಿಯಲ್ಲಿ. ಅದೂ ಯಾವ ಕಾಲಕ್ಕೋ.

ಮಾಳಿಗೆಯ ಮೇಲೆ ನನ್ನ ಒಡೆದ ಬಕೀಟು ಇತ್ತು. ಕೈ ಮುಂದೆ ಚಾಚಿದೆ. ಮುಳ್ಳು ಬೆರಳಿಗೆ ಚುಚ್ಚಿತು, ಬಿಡಲಿಲ್ಲ. ಒಂದು ಹಸಿ ಕಡ್ಡಿ ಮುರಿದರೆ ಇಷ್ಟು ಜೋರಾಗಿ ಕೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಯಾರೂ ತಿರುಗಿ ನೋಡಲಿಲ್ಲ.